ಇಪ್ಪತ್ತೈದು ವರ್ಷದಿಂದ ಸಿಗಾರ್ ಸೇದುವವರಿಗೆ ಯಾವ ಸಿಗಾರ್ ಕೊಡಲಿ?

ಸಂಜೆಹೊತ್ತು:
ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಮ್ಮ ಮಾವ ರಿಟೈರ್ ಆಗುತ್ತಿದ್ದಾರೆ. ಇಪ್ಪತ್ತೈದು ವರ್ಷದಿಂದ ಸಿಗಾರ್ ಸೇದುತ್ತಾರೆ. ವಾರಕ್ಕೆ ಒಂದೋ ಎರಡೋ, ಅದೂ ರಾತ್ರಿ ಊಟ ಆದ ಮೇಲೆ ಒಬ್ಬರೇ ಕೂತು. ನನಗೆ ಇದರ ಗಂಧಗಾಳಿ ಇಲ್ಲ. ಒಬ್ಬರು ಕ್ಯೂಬಾದ್ದೇ ಕೊಡಿ ಅನ್ನುತ್ತಾರೆ, ಇನ್ನೊಬ್ಬರು ನಿಕರಾಗುವಾದ್ದು ಅನ್ನುತ್ತಾರೆ. 25ರ ಒಂದು ಪೆಟ್ಟಿಗೆ ತಂದು ಕೊಟ್ಟರೆ ಸರಿಯಾ? ಇಷ್ಟ ಆಗದಿದ್ದರೂ ಅವರು ಬಾಯಿಬಿಟ್ಟು ಹೇಳುವವರಲ್ಲ, ಅದೇ ನನ್ನ ಚಿಂತೆ.

ಹಳೇಪೆಟ್ಟಿಗೆ:
ಪೆಟ್ಟಿಗೆ ಈಗಲೇ ಬೇಡ. ಮೊದಲು ಅವರ ಆಶ್‌ಟ್ರೇ ನೋಡಿ. ಸಿಗಾರಿಗೆ ಸುತ್ತಿರುವ ಕಾಗದದ ಉಂಗುರ ಇದೆಯಲ್ಲ, ಅದನ್ನು ಬ್ಯಾಂಡ್ ಅನ್ನುತ್ತಾರೆ. ಸುಮಾರು ಜನ ಅದನ್ನು ಎಸೆಯದೆ ಒಂದು ಡಬ್ಬಿಯಲ್ಲಿ ಹಾಕಿಡುತ್ತಾರೆ. ನಾಲ್ಕೈದು ಬ್ಯಾಂಡಿನ ಫೋಟೋ ತೆಗೆದುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಹರಿಯದ ಬ್ಯಾಂಡ್ ಸಿಕ್ಕರೆ ದುಂಡಗೆ ಮಾಡಿ ಒಳಗಿನ ಅಗಲ ಅಳೆಯಿರಿ. ಸಿಗಾರಿನ ದಪ್ಪವನ್ನು ರಿಂಗ್ ಗೇಜ್ ಎಂಬ ಲೆಕ್ಕದಲ್ಲಿ ಹೇಳುತ್ತಾರೆ, ಒಂದು ಗೇಜ್ ಅಂದರೆ ಇಂಚಿನ 64ನೇ ಒಂದು ಭಾಗ. ಸುಮಾರು 20 ಮಿ.ಮೀ. ಇದ್ದರೆ 50 ಗೇಜ್, 17ರ ಹತ್ತಿರ ಇದ್ದರೆ 42. ಇದು ಯಾಕೆ ಮುಖ್ಯ ಅಂದರೆ, ಸಣ್ಣದಕ್ಕೆ ಒಗ್ಗಿದವರಿಗೆ ದಪ್ಪ ಸಿಗಾರ್ ಬಾಯಲ್ಲಿ ಹಿಡಿಯುವುದೇ ಹಿಂಸೆ. ಉದ್ದವೂ ಅಷ್ಟೆ. 5 ಇಂಚಿನ ರೋಬಸ್ಟೊ ಮುಗಿಯಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು, 7 ಇಂಚಿನ ಚರ್ಚಿಲ್ ಒಂದೂವರೆ ಗಂಟೆ ತನಕ ಎಳೆಯುತ್ತದೆ. ಮಾವ ಊಟ ಆದ ಮೇಲೆ ಎಷ್ಟು ಹೊತ್ತು ಕೂರುತ್ತಾರೆ, ಗಮನಿಸಿ.

ಆಮೇಲೆ ಐದೇ ಐದು ಕೊಡಿ. ಎರಡು ಅವರಿಗೆ ಗೊತ್ತಿರುವುದೇ ಇರಲಿ. ಮೂರು ಅದರ ಪಕ್ಕದ್ದು ಇರಲಿ, ಅಂದರೆ ಅದೇ ಖಾರ, ಅದೇ ಬಣ್ಣದ ಎಲೆ, ಬೇರೆ ಬ್ರ್ಯಾಂಡಿನದ್ದು. ಹಳಬರಿಗೆ ಹೊಸದು ಬೇಡ ಅಂತಲ್ಲ, ತಮ್ಮ ರುಚಿಯಿಂದ ಒಂದೇ ಹೆಜ್ಜೆ ಆಚೆ ಇರುವುದು ಬೇಕು. ವೆನಿಲ್ಲಾ, ಚೆರ್ರಿ ವಾಸನೆಯದ್ದು ಮಾತ್ರ ಯಾವ ಕಾರಣಕ್ಕೂ ಬೇಡ. ಅದರ ವಾಸನೆ ಪೆಟ್ಟಿಗೆಯಲ್ಲಿರುವ ಬಾಕಿ ಸಿಗಾರಿಗೂ ಹತ್ತುತ್ತದೆ.

ನಿಧಾನಿ:
ಕ್ಯೂಬಾ ಅಂದ ತಕ್ಷಣ ದುಡ್ಡು ತೆಗೆಯಬೇಡಿ. ನಕಲಿ ಜಾಸ್ತಿ, ಅದರಲ್ಲೂ ಕೊಹಿಬಾ ಎಂಬ ಬ್ರ್ಯಾಂಡಿನದ್ದು. ಗಾಜಿನ ಮುಚ್ಚಳದ ಕೊಹಿಬಾ ಪೆಟ್ಟಿಗೆ ಕಂಡರೆ ಅಲ್ಲಿಂದ ಎದ್ದು ಬನ್ನಿ, ಅದು ಕಣ್ಣುಮುಚ್ಚಿ ಹೇಳಬಹುದಾದ ನಕಲಿ. ಅಸಲಿ ಕ್ಯೂಬನ್ ಪೆಟ್ಟಿಗೆಯ ತಳದಲ್ಲಿ ಫ್ಯಾಕ್ಟರಿಯ ಗುಟ್ಟಿನ ಅಕ್ಷರಗಳೂ, ಸ್ಪ್ಯಾನಿಷ್ ತಿಂಗಳ ಮೊದಲ ಮೂರು ಅಕ್ಷರ ಮತ್ತು ಇಸವಿಯೂ ಅಚ್ಚಾಗಿರುತ್ತವೆ.

ನಿಕರಾಗುವಾದ್ದು ಕೀಳು ಎಂಬ ಮಾತನ್ನೂ ನಂಬಬೇಡಿ. 1959ರ ಕ್ರಾಂತಿಯ ನಂತರ ಕ್ಯೂಬಾ ಬಿಟ್ಟು ಬಂದ ತಂಬಾಕಿನ ಮನೆತನಗಳೇ ನಿಕರಾಗುವಾ, ಹೊಂಡುರಾಸ್, ಡೊಮಿನಿಕನ್ ಕಡೆ ಈ ಕಸುಬು ಬೆಳೆಸಿದ್ದು. ಪಾಡ್ರೋನ್ ಎಂಬ ನಿಕರಾಗುವಾ ಸಿಗಾರಿನ ಹೆಸರಿನ ಜೊತೆ 1964 ಅಂತ ಇರುತ್ತದಲ್ಲ, ಅದು ಆ ಕಂಪನಿ ಶುರುವಾದ ವರ್ಷ. ಅದರಲ್ಲೇ ತಿಳಿ ಬಣ್ಣದ ನ್ಯಾಚುರಲ್, ಕಪ್ಪಗಿರುವ ಮದುರೋ ಎಂದು ಎರಡು ಬಗೆ. ಮಾವನದ್ದು ಯಾವುದು ಎಂದು ಬ್ಯಾಂಡ್ ಒಂದೇ ನೋಡಿದರೆ ಗೊತ್ತಾಗುವುದಿಲ್ಲ, ಎಲೆಯ ಬಣ್ಣ ನೋಡಲೇಬೇಕು.

ತೇವ65:
ಯಾವುದು ಕೊಳ್ಳಬೇಕು ಅನ್ನುವುದಕ್ಕಿಂತ ಕೊಡುವ ದಿನದ ತನಕ ಹೇಗೆ ಇಡುತ್ತೀರಿ ಅನ್ನುವುದು ನನಗೆ ದೊಡ್ಡ ವಿಷಯ. ನಾನು ಅಣ್ಣನಿಗೆ ಅಂತ ಮೂರು ವಾರ ಮುಂಚೆಯೇ ತಂದು ಫ್ರಿಜ್ಜಿನಲ್ಲಿ ಇಟ್ಟಿದ್ದೆ. ಅಣ್ಣ ಖುಷಿಯಿಂದ ಒಂದನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಒತ್ತಿದ. ಒಣಗಿದ ಎಲೆ ತುಳಿದಂತೆ ಚರಚರ ಅಂತು. ಹೊರಗಿನ ಎಲೆ ಉದ್ದಕ್ಕೆ ಸೀಳಿ ಅವನ ಅಂಗೈಗೆ ಉದುರಿತು. ಅವನು ಏನೂ ಅನ್ನಲಿಲ್ಲ, ನನಗೆ ಮಾತ್ರ ಇವತ್ತಿಗೂ ಬೇಜಾರು.

ಸಿಗಾರಿಗೆ 65ರಿಂದ 70 ಶೇಕಡಾ ತೇವ ಬೇಕು, ಫ್ರಿಜ್ಜು ಅದನ್ನೆಲ್ಲ ಹೀರಿಬಿಡುತ್ತದೆ. ಗಾಳಿಯಾಡದ ಒಂದು ಪ್ಲಾಸ್ಟಿಕ್ ಡಬ್ಬಿ ಸಾಕು. ಚೆನ್ನಾಗಿ ತೊಳೆದು ಒಣಗಿಸಿ, ಸೋಪಿನ ವಾಸನೆ ಹೋಗಿರಬೇಕು. ಒಳಗೆ ಬೊವೆಡಾ 69ರ ಒಂದು ಪೊಟ್ಟಣ ಹಾಕಿ. ತೇವ ಕಡಿಮೆ ಆದರೆ ಅದು ಬಿಡುತ್ತದೆ, ಜಾಸ್ತಿ ಆದರೆ ಹೀರುತ್ತದೆ. ಸಿಗಾರಿನ ಮೇಲಿನ ತೆಳು ಹಾಳೆ ಬಿಚ್ಚಬೇಡಿ. ಸೆಕೆ ಇರುವ ಕಡೆ ಇಡಲೂ ಬೇಡಿ, ಬಿಸಿ ಏರಿದರೆ ಎಲೆಯೊಳಗಿರುವ ತಂಬಾಕಿನ ಹುಳುವಿನ ಮೊಟ್ಟೆ ಒಡೆದು ಸೂಜಿ ಚುಚ್ಚಿದಂಥ ತೂತು ಬೀಳುತ್ತವೆ.

ಮತ್ತೆ, ಹ್ಯೂಮಿಡಾರ್, ಅಂದರೆ ಸಿಗಾರಿನ ತೇವ ಕಾಪಾಡುವ ಪೆಟ್ಟಿಗೆ, ಕೊಡುವ ಯೋಚನೆ ಇದ್ದರೆ ಬಿಡಿ. ಇಷ್ಟು ವರ್ಷ ಸೇದಿದವರ ಹತ್ತಿರ ಅದು ಇದ್ದೇ ಇರುತ್ತದೆ. ಲೈಟರ್ ಕೊಡುವುದಾದರೆ ಬ್ಯೂಟೇನ್ ಗ್ಯಾಸಿನದ್ದು, ಪೆಟ್ರೋಲ್ ತುಂಬುವುದು ಬೇಡ, ಆ ವಾಸನೆ ಮೊದಲ ಎಳೆತದಲ್ಲೇ ಬಾಯಿಗೆ ಬರುತ್ತದೆ.

ನಡುಮನೆ:
ಒಂದೇ ಮಾತು. ಡಾಕ್ಟರ್ ಬಿಡಿ ಅಂದಿದ್ದಾರಾ ಅಂತ ಅತ್ತೆಯವರ ಹತ್ತಿರ ಮೆಲ್ಲಗೆ ಕೇಳಿ ನೋಡಿ. ಬಿಡುವ ಪ್ರಯತ್ನದಲ್ಲಿ ಇರುವವರ ಕೈಗೆ ನಾವೇ ಸಿಗಾರ್ ಕೊಟ್ಟರೆ ಅವರಿಗೆ ಕಷ್ಟ ಅಲ್ವಾ?

ಸಂಜೆಹೊತ್ತು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅತ್ತೆಯನ್ನು ಕೇಳಿದೆ, ಬಿಡುವ ಮಾತೇನೂ ಇಲ್ಲವಂತೆ. ಅವರೇ ಒಂದು ಹಳೇ ಬಿಸ್ಕತ್ ಡಬ್ಬಿ ತೋರಿಸಿದರು, ತುಂಬಾ ಬ್ಯಾಂಡುಗಳು! ಮುಕ್ಕಾಲು ಪಾಲು ಮಾಂಟೆಕ್ರಿಸ್ಟೊ, ಅಳೆದರೆ 17 ಮಿ.ಮೀ. ಹತ್ತಿರ. ಸ್ವಲ್ಪ ಪಾಡ್ರೋನ್ ಕೂಡ ಇವೆ.

ಹಳೇಪೆಟ್ಟಿಗೆ:
ಹಾಗಾದರೆ ಬಹುತೇಕ ಕ್ಯೂಬಾದ ಮಾಂಟೆಕ್ರಿಸ್ಟೊ ನಂಬರ್ 4 ಇರಬೇಕು, 42 ಗೇಜಿನ ಸಣ್ಣ ಸಿಗಾರ್. ಅದು ಎರಡು ತೆಗೆದುಕೊಳ್ಳಿ. ಪಾಡ್ರೋನಿನಲ್ಲಿ ಸಿಗುವಷ್ಟರಲ್ಲಿ ಸಪೂರ ಇರುವುದು ಎರಡು. ಐದನೆಯದು ಮಾಂಟೆಕ್ರಿಸ್ಟೊ ನಂಬರ್ 2 ಇರಲಿ, ತುದಿ ಚೂಪಾಗಿರುವುದು, 52 ಗೇಜ್. ದಪ್ಪ ಹೌದು, ಆದರೆ ಅವರು ಸೇದುವ ಬ್ರ್ಯಾಂಡಿನದ್ದೇ, ಬಿಡುವಾದ ಒಂದು ರಾತ್ರಿಗೆ ಆಗುತ್ತದೆ. ಕೊಡುವ ವಾರದಲ್ಲೇ ಕೊಳ್ಳಿ.