ಎನ್‌ಕ್ಲೆಕ್ಸ್ ಬರೆಯಬೇಕು: ಮೊದಲು ಲೈಸೆನ್ಸ್ ಅರ್ಜಿಯಾ, ಪರೀಕ್ಷೆ ರಿಜಿಸ್ಟ್ರೇಶನ್ನಾ?

ಸುಮಾ_ಹಾಸನ:

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯವಳು. ರಾಜೀವ್ ಗಾಂಧಿ ವಿಶ್ವವಿದ್ಯಾಲಯದ ಬಿಎಸ್ಸಿ ನರ್ಸಿಂಗ್, ಈಗ ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ಕೆಲಸ. ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ಆರ್‌ಎನ್‌ಆರ್‌ಎಂ (ನರ್ಸ್, ಸೂಲಗಿತ್ತಿಯಾಗಿ ನೋಂದಣಿ) ಆಗಿದೆ. ಅಮೆರಿಕದಲ್ಲಿ ನರ್ಸ್ ಲೈಸೆನ್ಸ್‌ಗೆ ಬರೆಯಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆ ಬರೆಯೋಣ ಅಂತ ಮನಸ್ಸು ಮಾಡಿದ್ದೇನೆ. ಆದರೆ ಯಾವ ತುದಿಯಿಂದ ಶುರು ಮಾಡಬೇಕು ಅನ್ನುವುದೇ ತಿಳಿಯುತ್ತಿಲ್ಲ.

ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಯವರು ಎಲ್ಲವನ್ನೂ ನಾವೇ ಮಾಡಿಕೊಡುತ್ತೇವೆ, ಎರಡೂವರೆ ಲಕ್ಷ ಕೊಡಿ ಅನ್ನುತ್ತಾರೆ. ಇಮೇಲ್ ಕೂಡ ಅವರೇ ಹೊಸದಾಗಿ ಮಾಡುತ್ತಾರಂತೆ, ಪಾಸ್‌ವರ್ಡ್ ಅವರ ಹತ್ತಿರವೇ ಇರುತ್ತದಂತೆ. ಮನೆಯಲ್ಲಿ ಅಪ್ಪ ಚಿನ್ನ ಅಡ ಇಡೋಣ ಅನ್ನುತ್ತಿದ್ದಾರೆ. ನನಗೆ ಧೈರ್ಯ ಬರುತ್ತಿಲ್ಲ.

ಇನ್ನೊಂದು ತಲೆನೋವು ಹೆಸರಿನದು. ಎಸ್‌ಎಸ್‌ಎಲ್‌ಸಿಯಿಂದ ಹಿಡಿದು ಕೌನ್ಸಿಲ್ ಸರ್ಟಿಫಿಕೇಟ್‌ವರೆಗೆ ನಾನು ಸುಮಾ ಎಚ್. ಆರ್. ಪಾಸ್‌ಪೋರ್ಟ್‌ನಲ್ಲಿ ಮಾತ್ರ ಇನಿಶಿಯಲ್ ಬಿಡಿಸಿ, ಊರಿನ ಹೆಸರು, ಅಪ್ಪನ ಹೆಸರು ಎಲ್ಲ ಸೇರಿ ಉದ್ದ ಆಗಿದೆ. ಇದರಿಂದ ತೊಂದರೆ ಆಗುತ್ತಾ? ಗೊತ್ತಿದ್ದವರು ಹೇಳಿ.

ನೈಟ್_ಡ್ಯೂಟಿ:

ಕನ್ಸಲ್ಟೆನ್ಸಿ ಎಲ್ಲ ಯಾಕೆ ಸಿಸ್ಟರ್? ಪರೀಕ್ಷೆ ನಡೆಸುವ ಪಿಯರ್ಸನ್ ವ್ಯೂ ಕಂಪನಿಯ ಸೈಟಿಗೆ ಹೋಗಿ 200 ಡಾಲರ್ ಕಟ್ಟಿ. ಬೆಂಗಳೂರು ಸೆಂಟರ್ ಹಾಕಿ, ಡೇಟ್ ತಗೊಳ್ಳಿ. ಅಷ್ಟೇ. ಡೇಟ್ ಇದ್ದರೆ ಓದೋಕೂ ಮನಸ್ಸು ಬರುತ್ತೆ.

ಮೂಡಿಗೆರೆ_ಸಿಸ್ಟರ್:

ಸುಮಾ, ಮೇಲೆ ಹೇಳಿದ ಹಾಗೆ ಡೇಟ್ ತೆಗೆದುಕೊಳ್ಳಲು ಆಗುವುದಿಲ್ಲ. ದುಡ್ಡು ಕಟ್ಟಿ ಹೆಸರು ನೋಂದಾಯಿಸಬಹುದು, ಆದರೆ ಎಟಿಟಿ ಬರುವ ತನಕ ಕ್ಯಾಲೆಂಡರ್ ತೆರೆಯುವುದೇ ಇಲ್ಲ. ಎಟಿಟಿ ಅಂದರೆ ಪರೀಕ್ಷೆ ಬರೆಯಲು ಕೊಡುವ ಅನುಮತಿ, ಇಮೇಲ್‌ನಲ್ಲಿ ಬರುತ್ತದೆ. ಅದು ಬರಬೇಕಾದರೆ ನೀವು ಲೈಸೆನ್ಸ್‌ಗೆ ಅರ್ಜಿ ಹಾಕಿದ ರಾಜ್ಯ, ಇವರು ಅರ್ಹರು ಅಂತ ಪಿಯರ್ಸನ್‌ಗೆ ತಿಳಿಸಬೇಕು. ರಾಜ್ಯ ಹಾಗೆ ಹೇಳಬೇಕಾದರೆ ನಿಮ್ಮ ಓದಿನ ದಾಖಲೆ ಮತ್ತು ಕೌನ್ಸಿಲ್ ರಿಜಿಸ್ಟ್ರೇಶನ್ ಎರಡೂ ಪರಿಶೀಲನೆ ಆಗಿರಬೇಕು. ತಿಂಗಳುಗಟ್ಟಲೆ ಹಿಡಿಯುವುದು ಇದೇ. ಪರೀಕ್ಷೆಗೆ ರಿಜಿಸ್ಟರ್ ಆಗುವುದು ಅರ್ಧ ಗಂಟೆಯ ಕೆಲಸ.

ಇನ್ನೊಂದು ವಿಷಯ ಮೊದಲೇ ಗೊತ್ತಿರಲಿ. ಅಮೆರಿಕದಲ್ಲಿ ದೇಶಕ್ಕೆಲ್ಲ ಪರೀಕ್ಷೆ ಒಂದೇ, ಲೈಸೆನ್ಸ್ ಕೊಡುವುದು ಮಾತ್ರ ಆಯಾ ರಾಜ್ಯ. ಒಂದೊಂದು ರಾಜ್ಯದ ನಿಯಮ ಒಂದೊಂದು ಥರ. ನಾನು ಊರಲ್ಲಿದ್ದಾಗಲೇ ನ್ಯೂಯಾರ್ಕ್ ಆರಿಸಿಕೊಂಡೆ. ಸೋಶಿಯಲ್ ಸೆಕ್ಯುರಿಟಿ ನಂಬರ್ (ಅಮೆರಿಕದ ಸರ್ಕಾರ ಕೊಡುವ ಗುರುತಿನ ನಂಬರ್) ಇಲ್ಲದಿದ್ದರೂ ಅವರು ಅರ್ಜಿ ತೆಗೆದುಕೊಳ್ಳುತ್ತಾರೆ. ಮೂಡಿಗೆರೆಯಲ್ಲಿ ಕೂತವಳಿಗೆ ಆ ನಂಬರ್ ಎಲ್ಲಿಂದ ಬರಬೇಕು ಹೇಳಿ? ಕ್ಯಾಲಿಫೋರ್ನಿಯಾದವರು ಅದನ್ನೋ ಅಲ್ಲಿನ ತೆರಿಗೆ ನಂಬರನ್ನೋ ಕೇಳುತ್ತಾರೆ. ನ್ಯೂಯಾರ್ಕ್‌ನ ಅರ್ಜಿ ಶುಲ್ಕ 143 ಡಾಲರ್. ಅದರ ಜೊತೆ ಸೋಂಕು ನಿಯಂತ್ರಣದ್ದು ಒಂದು, ಮಕ್ಕಳ ಮೇಲಿನ ದೌರ್ಜನ್ಯ ಗುರುತಿಸಿ ವರದಿ ಮಾಡುವುದರ ಬಗ್ಗೆ ಒಂದು, ಹೀಗೆ ಎರಡು ಚಿಕ್ಕ ಕೋರ್ಸ್ ಮುಗಿಸಬೇಕು. ಆನ್‌ಲೈನ್‌ನಲ್ಲೇ ಆಗುತ್ತದೆ.

ದಾಖಲೆ ಪರಿಶೀಲಿಸುವುದು ಸಿಜಿಎಫ್‌ಎನ್‌ಎಸ್ ಅನ್ನುವ ಸಂಸ್ಥೆ. 2025ರಲ್ಲಿ ಟ್ರೂಮೆರಿಟ್ ಅಂತ ಹೆಸರು ಬದಲಿಸಿಕೊಂಡಿದೆ, ಎರಡೂ ಒಂದೇ, ಗಾಬರಿ ಬೇಡ. ನಿಮ್ಮ ಮಾರ್ಕ್ಸ್ ಕಾರ್ಡ್ ಜೆರಾಕ್ಸ್ ಅವರಿಗೆ ಬೇಡ. ಓದಿನ ದಾಖಲೆ ಓದಿಸಿದವರಿಂದ, ರಿಜಿಸ್ಟ್ರೇಶನ್ ಪತ್ರ ಕೌನ್ಸಿಲ್‌ನಿಂದ, ನೇರವಾಗಿ ಹೋಗಬೇಕು. ನಡುವೆ ನಿಮ್ಮ ಕೈ ಸೋಕಬಾರದು. ನಮ್ಮ ಕಡೆ ಆಫೀಸಿನವರಿಗೆ ಇದು ಬೇಗ ಅರ್ಥ ಆಗುವುದಿಲ್ಲ. ನಾನು ಓದಿದ ಕಾಲೇಜಿನ ಗುಮಾಸ್ತರು ಲಕೋಟೆಯನ್ನು ನನ್ನ ಕೈಗೇ ಕೊಟ್ಟು, "ನೀನೇ ಪೋಸ್ಟ್ ಮಾಡ್ಕೊಳಮ್ಮ" ಅಂದರು. ಅದರಲ್ಲೂ ಅಂಟು ಹಾಕಿರಲಿಲ್ಲ!

ಹಾಗಾಗಿ ಎದುರಿಗೇ ನಿಂತು ಮಾಡಿಸಿಕೊಳ್ಳಿ. ಲಕೋಟೆ ಕಾಲೇಜಿನ ಹೆಸರು ಅಚ್ಚಾದದ್ದೇ ಆಗಿರಲಿ. ಅಂಟು ಹಾಕಿದ ಮೇಲೆ ಪ್ರಿನ್ಸಿಪಾಲರ ಸಹಿ ಮಡಿಕೆಯನ್ನು ದಾಟಿ ಹೋಗಬೇಕು, ಸೀಲು ಅರ್ಧ ಮಡಿಕೆಯ ಮೇಲೆ, ಅರ್ಧ ಲಕೋಟೆಯ ಮೇಲೆ ಬೀಳಬೇಕು. ನಿಮ್ಮ ಅರ್ಜಿಯ ನಂಬರ್ ಹೊರಗೆ ಕಾಣುವ ಹಾಗೆ ಬರೆಸಿ. ಕೊರಿಯರ್ ಕಾಲೇಜಿನ ಹೆಸರಲ್ಲೇ ಹೋಗಲಿ, ದುಡ್ಡು ಬೇಕಾದರೆ ನೀವು ಕೊಡಿ. ರಸೀದಿ ಫೋಟೋ ತೆಗೆದಿಟ್ಟುಕೊಳ್ಳಿ.

ಒಳಗೆ ಏನಿದೆ ಅನ್ನುವುದೂ ಮುಖ್ಯ. ನಮ್ಮ ಮಾರ್ಕ್ಸ್ ಕಾರ್ಡ್‌ನಲ್ಲಿ ಬರೀ ಅಂಕ ಇರುತ್ತದೆ. ಅವರಿಗೆ ಬೇಕಾದದ್ದು ಗಂಟೆಗಳು. ಮೆಡಿಕಲ್ ಸರ್ಜಿಕಲ್ ಥಿಯರಿ ಎಷ್ಟು ಗಂಟೆ, ಕ್ಲಿನಿಕಲ್ ಎಷ್ಟು ಗಂಟೆ, ಮಕ್ಕಳದ್ದೆಷ್ಟು, ಓಬಿಜಿ (ಹೆರಿಗೆ, ಸ್ತ್ರೀರೋಗ) ಎಷ್ಟು, ಸೈಕಿಯಾಟ್ರಿ ಎಷ್ಟು, ಎಲ್ಲ ಬೇರೆ ಬೇರೆ. ನೀವು ಓದಿದ ವರ್ಷಗಳ ಸಿಲೆಬಸ್ ಪ್ರತಿ ಒಂದು ಹುಡುಕಿ ಇಟ್ಟುಕೊಂಡೇ ಕಾಲೇಜಿಗೆ ಹೋಗಿ. ಇಲ್ಲದಿದ್ದರೆ "ಹೊಸ ಸಿಲೆಬಸ್ ನೋಡಿ ಬರೆದುಬಿಡ್ತೀವಿ" ಅನ್ನುತ್ತಾರೆ. ಅದಕ್ಕೆ ಬಿಡಬೇಡಿ. ಯೂನಿವರ್ಸಿಟಿ ಟ್ರಾನ್ಸ್‌ಕ್ರಿಪ್ಟ್‌ಗೆ ಜಯನಗರ ನಾಲ್ಕನೇ ಟಿ ಬ್ಲಾಕ್‌ಗೆ ಹೋಗಬೇಕಾಗಿ ಬಂದರೆ ವಾರದ ಮಧ್ಯೆ ಒಂದು ದಿನ ರಜೆ ಹಾಕಿಯೇ ಹೋಗಿ. ನೈಟ್ ಡ್ಯೂಟಿ ಮುಗಿಸಿ ಮೈಸೂರಿಂದ ಬಸ್ ಹತ್ತಿದರೆ ಸುಸ್ತಾಗುವುದೇ ಬಂತು.

ಈಗ ಹೆಸರು. ಪರೀಕ್ಷೆಯ ದಿನ ಬೆಂಗಳೂರಿನ ಸೆಂಟರ್‌ನಲ್ಲಿ ತೋರಿಸಬೇಕಾದದ್ದು ಪಾಸ್‌ಪೋರ್ಟ್. ಆಧಾರ್, ವೋಟರ್ ಐಡಿ ಯಾವುದೂ ನಡೆಯುವುದಿಲ್ಲ. ರಿಜಿಸ್ಟ್ರೇಶನ್‌ನಲ್ಲಿ ಇರುವ ಹೆಸರು ಪಾಸ್‌ಪೋರ್ಟ್‌ಗೆ ಹೊಂದದಿದ್ದರೆ ಒಳಗೆ ಬಿಡುವುದಿಲ್ಲ, ಕಟ್ಟಿದ ದುಡ್ಡೂ ಹೋಯಿತು. ಆದ್ದರಿಂದ ಪಿಯರ್ಸನ್‌ನಲ್ಲೂ ನ್ಯೂಯಾರ್ಕ್ ಅರ್ಜಿಯಲ್ಲೂ ಪಾಸ್‌ಪೋರ್ಟ್‌ನ ಉದ್ದ ಹೆಸರನ್ನೇ ಅಕ್ಷರಕ್ಕೆ ಅಕ್ಷರ ಹಾಕಿ. ಹಳೆಯ ಹೆಸರು ಕೇಳುವ ಜಾಗ ಇದ್ದರೆ ಅಲ್ಲಿ ಎಚ್. ಆರ್. ಬರಲಿ. ಎರಡೂ ಹೆಸರು ನಿಮ್ಮದೇ ಅಂತ ನೋಟರಿ ಹತ್ತಿರ ಒಂದು ಅಫಿಡವಿಟ್ ಮಾಡಿಸಿಡಿ. ಎಚ್ ಅಂದರೆ ಯಾವ ಊರು, ಆರ್ ಅಂದರೆ ಯಾರು ಅಂತ ಬಿಡಿಸಿ ಬರೆಸಿ, ಸುಮ್ನೆ "ಇಬ್ಬರೂ ಒಬ್ಬರೇ" ಅಂತ ಒಂದು ಸಾಲು ಬೇಡ. ಮದುವೆ ಹತ್ತಿರ ಇದ್ದರೆ, ದಯವಿಟ್ಟು ಲೈಸೆನ್ಸ್ ಕೈಗೆ ಬರುವ ತನಕ ಯಾವುದರಲ್ಲೂ ಗಂಡನ ಹೆಸರು ಸೇರಿಸಲು ಹೋಗಬೇಡಿ. ಅತ್ತೆ ಮನೆಯವರಿಗೆ ನನ್ನ ಹೆಸರು ಹೇಳಿ!

ಕನ್ಸಲ್ಟೆನ್ಸಿ ಬಗ್ಗೆ ನನ್ನ ಅಭಿಪ್ರಾಯ ಇಷ್ಟು. ಫಾರ್ಮ್ ತುಂಬಲು ಸಹಾಯ ತೆಗೆದುಕೊಂಡರೆ ತಪ್ಪಿಲ್ಲ. ಆದರೆ ಇಮೇಲ್ ನಿಮ್ಮದೇ ಇರಲಿ, ಪಾಸ್‌ವರ್ಡ್ ನಿಮಗೆ ಮಾತ್ರ ಗೊತ್ತಿರಲಿ. ಎಟಿಟಿ ಬರುವುದು ಆ ಇಮೇಲ್‌ಗೇ. ಅದರಲ್ಲಿ ಕೊನೆಯ ದಿನಾಂಕ ಇರುತ್ತದೆ, ಅದನ್ನು ಮುಂದೆ ಹಾಕುವುದಿಲ್ಲ. ಅಷ್ಟರೊಳಗೆ ಬರೆಯದಿದ್ದರೆ ಮತ್ತೆ ರಿಜಿಸ್ಟರ್, ಮತ್ತೆ ದುಡ್ಡು. ಬೇರೆಯವರ ಕೈಯಲ್ಲಿ ಇಮೇಲ್ ಇಟ್ಟರೆ ಅವರು ಬಾಕಿ ದುಡ್ಡು ಕೊಡುವ ತನಕ ಎಟಿಟಿ ತೋರಿಸುವುದಿಲ್ಲ. ನನ್ನ ಬ್ಯಾಚ್‌ನ ಒಬ್ಬಳಿಗೆ ಹಾಗೇ ಆಯಿತು. ಖರ್ಚು ನೀವೇ ಲೆಕ್ಕ ಹಾಕಿ: ಪರೀಕ್ಷೆ 200 ಡಾಲರ್, ಅಮೆರಿಕದ ಹೊರಗೆ ಬರೆಯುವುದಕ್ಕೆ ಮೇಲೆ 150, ಎರಡೂ ಸೇರಿ ಸುಮಾರು 30 ಸಾವಿರ ರೂಪಾಯಿ. ಅದಕ್ಕೆ ರಾಜ್ಯದ ಶುಲ್ಕ, ಪರಿಶೀಲನೆಯ ಶುಲ್ಕ, ಟ್ರಾನ್ಸ್‌ಕ್ರಿಪ್ಟ್, ಕೊರಿಯರ್ ಸೇರಿಸಿ. ಎರಡೂವರೆ ಲಕ್ಷ ಎಲ್ಲಿಂದ ಬಂತು? ಚಿನ್ನ ಪೆಟ್ಟಿಗೆಯಲ್ಲೇ ಇರಲಿ.

ಕೊನೆಗೆ ಒಂದು ಕಹಿ ಮಾತು. ಲೈಸೆನ್ಸ್ ಬೇರೆ, ವೀಸಾ ಬೇರೆ. ಪಾಸಾದ ತಕ್ಷಣ ವಿಮಾನ ಹತ್ತಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನರ್ಸ್‌ಗಳು ಹೋಗುವ ಇಬಿ-3 ಅನ್ನುವ ಗ್ರೀನ್ ಕಾರ್ಡ್ ಸಾಲಿನಲ್ಲಿ ಭಾರತದವರಿಗೆ ಹತ್ತು ವರ್ಷಕ್ಕೂ ಜಾಸ್ತಿ ಕಾಯುವಿಕೆ ಇದೆ. 2025ರಲ್ಲಿ 2013ರ ಅರ್ಜಿಗಳ ಸರದಿ ನಡೆಯುತ್ತಿತ್ತು. ನಾನು ಅಮೆರಿಕಕ್ಕೆ ಬಂದದ್ದು ಗಂಡನ ಕೆಲಸದ ಮೇಲೆ, ಅದಕ್ಕೇ ಬೇಗ ಆಯಿತು. ಆದರೆ ಪರೀಕ್ಷೆ ವ್ಯರ್ಥ ಅಲ್ಲ. ಕೆನಡಾದಲ್ಲಿ ಕ್ವಿಬೆಕ್ ಬಿಟ್ಟು ಉಳಿದ ಕಡೆ 2015ರಿಂದ ಎನ್‌ಕ್ಲೆಕ್ಸೇ ನಡೆಯುತ್ತದೆ. ಆಸ್ಟ್ರೇಲಿಯಾದವರೂ 2020ರಿಂದ ಹೊರದೇಶದ ನರ್ಸ್‌ಗಳಿಗೆ ಇದನ್ನೇ ಇಟ್ಟಿದ್ದಾರೆ, ಆಮೇಲೆ ಅಲ್ಲಿಗೆ ಹೋಗಿ ಪ್ರಾಕ್ಟಿಕಲ್. ಎಲ್ಲಿಗೆ ಹೋಗಬೇಕು ಅನ್ನುವುದನ್ನು ಅರ್ಜಿ ಹಾಕುವ ಮೊದಲೇ ಯೋಚಿಸಿ.

ಧಾರವಾಡದ_ಬ್ರದರ್:

ಅಕ್ಕಾವರು ಸರಿಯಾಗಿ ಹೇಳಿದರು. ನಾನು ಇಂಗ್ಲೆಂಡಿನಲ್ಲಿದ್ದೇನೆ. ಇಲ್ಲಿಯದೂ ಒಂದು ಮಾತು ಹೇಳಿಬಿಡುತ್ತೇನೆ ನೋಡ್ರಿ, ಬೇಕಾದರೆ ಹೋಲಿಸಿಕೊಳ್ಳಿ.

ಇಲ್ಲಿ ಎನ್‌ಎಂಸಿ ಅಂತ ಇಡೀ ದೇಶಕ್ಕೆ ಒಂದೇ ನರ್ಸಿಂಗ್ ಕೌನ್ಸಿಲ್. ಪರೀಕ್ಷೆ ಎರಡು ಹಂತ. ಮೊದಲನೆಯದು ಸಿಬಿಟಿ ಅನ್ನುವ ಕಂಪ್ಯೂಟರ್ ಪರೀಕ್ಷೆ, 83 ಪೌಂಡ್, ಬೆಂಗಳೂರಿನಲ್ಲೇ ಬರೆಯಬಹುದು. ಅದರಲ್ಲಿ ಡ್ರಿಪ್ ರೇಟು, ಡೋಸು ಇಂಥ ಲೆಕ್ಕದ್ದು 15 ಪ್ರಶ್ನೆ, ನರ್ಸಿಂಗ್‌ದು 100. ಎರಡನೆಯದು ಓಸ್ಕಿ ಅನ್ನುವ ಪ್ರಾಕ್ಟಿಕಲ್, 794 ಪೌಂಡ್, ಅದಕ್ಕೆ ಇಲ್ಲಿಗೇ ಬರಬೇಕು. ಹತ್ತು ಸ್ಟೇಶನ್. ನಮ್ಮವರು ಬೀಳುವುದು ಕೈ ಕೆಲಸದಲ್ಲಿ ಅಲ್ಲ, ಬಾಯಿಯಲ್ಲಿ. ಗೊಂಬೆ ಇದ್ದರೂ ಹೆಸರು ಹೇಳಿ, ಹುಟ್ಟಿದ ದಿನಾಂಕ ಕೇಳಿ, ಅಲರ್ಜಿ ಕೇಳಿ, ಒಪ್ಪಿಗೆ ತಗೊಂಡು ಆಮೇಲೆ ಮುಟ್ಟಬೇಕು. ನಮ್ಮ ವಾರ್ಡಿನಲ್ಲಿ ನಲವತ್ತು ಮಂದಿಗೆ ಇಂಜೆಕ್ಷನ್ ಕೊಟ್ಟು ರೂಢಿಯಾದವರಿಗೆ ಇದು ನಾಟಕ ಅನ್ನಿಸುತ್ತದೆ. ಅನ್ನಿಸಲಿ, ಮಾಡಲೇಬೇಕು.

ಇಂಗ್ಲಿಷ್‌ಗೆ ಓಇಟಿ (ಆಸ್ಪತ್ರೆ ಕೆಲಸದವರ ಇಂಗ್ಲಿಷ್ ಪರೀಕ್ಷೆ) ಆದರೆ ಮೂರರಲ್ಲಿ ಬಿ, ಬರವಣಿಗೆಯಲ್ಲಿ ಸಿ ಪ್ಲಸ್ ಸಾಕು. ಆದರೆ ಮೊದಲಿನ ಹಾಗೆ ಇಲ್ಲಿ ಈಗ ಹೊರಗಿನವರ ನೇಮಕ ಇಲ್ಲ, ಬಹಳ ಕಡಿಮೆಯಾಗಿದೆ. ಕೆಲಸದ ಪತ್ರ ಕೈಯಲ್ಲಿ ಇಲ್ಲದೆ ಸಿಬಿಟಿಗೆ ದುಡ್ಡು ಸುರಿಯಬೇಡಿ. ಅದರ ಫಲಿತಾಂಶಕ್ಕೆ ಎರಡೇ ವರ್ಷ ಆಯುಷ್ಯ.

ಸುಮಾ_ಹಾಸನ:

ತುಂಬಾ ಉಪಕಾರ ಆಯಿತು. ಅಪ್ಪನಿಗೆ ಮೂಡಿಗೆರೆ ಅಕ್ಕನ ಉತ್ತರ ಪೂರ್ತಿ ಓದಿ ಹೇಳಿದೆ. ಚಿನ್ನದ ಮಾತು ನಿಂತಿದೆ.

ಅಕ್ಕಾ, ಪರೀಕ್ಷೆ ಹೇಗಿರುತ್ತದೆ ಅಂತ ಸ್ವಲ್ಪ ಹೇಳುತ್ತೀರಾ? 85 ಪ್ರಶ್ನೆಗೇ ಪರೀಕ್ಷೆ ನಿಂತರೆ ಪಾಸ್ ಅನ್ನುತ್ತಾರೆ, ನಿಜಾನಾ? ಮತ್ತೆ ಬರೆದ ದಿನವೇ ಪಿಯರ್ಸನ್‌ನಲ್ಲಿ ಇನ್ನೊಂದು ಸಲ ರಿಜಿಸ್ಟರ್ ಮಾಡಲು ನೋಡಿದರೆ ಫಲಿತಾಂಶ ಗೊತ್ತಾಗುತ್ತದಂತೆ? ನನ್ನ ರೂಮ್‌ಮೇಟ್ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ), ಅವಳಿಗೂ ಬರೆಯಲು ಆಗುತ್ತಾ?

ಮೂಡಿಗೆರೆ_ಸಿಸ್ಟರ್:

ಜಿಎನ್‌ಎಂ ಆಗುತ್ತದೆ. ಎಎನ್‌ಎಂ (ಸಹಾಯಕ ನರ್ಸ್ ಕೋರ್ಸ್) ಆಗುವುದಿಲ್ಲ.

85ಕ್ಕೆ ನಿಲ್ಲುವುದಕ್ಕೂ ಪಾಸಾಗುವುದಕ್ಕೂ ಸಂಬಂಧ ಇಲ್ಲ. ಕಡಿಮೆ ಅಂದರೆ 85, ಜಾಸ್ತಿ ಅಂದರೆ 150 ಪ್ರಶ್ನೆ, ಒಟ್ಟು ಐದು ಗಂಟೆ. ನೀವು ಸರಿ ಉತ್ತರ ಕೊಟ್ಟ ಹಾಗೆ ಕಂಪ್ಯೂಟರ್ ಕಷ್ಟದ್ದು ಕೊಡುತ್ತಾ ಹೋಗುತ್ತದೆ. ನೀವು ಪಾಸಿನ ಗೆರೆಗಿಂತ ಮೇಲಿದ್ದೀರಿ ಅಥವಾ ಕೆಳಗಿದ್ದೀರಿ ಅಂತ ಅದಕ್ಕೆ ನೂರಕ್ಕೆ 95ರಷ್ಟು ಖಚಿತವಾದಾಗ ನಿಲ್ಲಿಸುತ್ತದೆ. ತುಂಬಾ ಚೆನ್ನಾಗಿ ಬರೆದವರಿಗೂ 85ಕ್ಕೆ ನಿಲ್ಲುತ್ತದೆ, ತುಂಬಾ ಕೆಟ್ಟದಾಗಿ ಬರೆದವರಿಗೂ ನಿಲ್ಲುತ್ತದೆ. ನಡುವೆ ಎಲ್ಲವೂ ಕಷ್ಟ ಅನ್ನಿಸಿದರೆ ಒಳ್ಳೆಯ ಲಕ್ಷಣ. ಹಿಂದಿನ ಪ್ರಶ್ನೆಗೆ ವಾಪಸ್ ಹೋಗಲು ಆಗುವುದಿಲ್ಲ, ಉತ್ತರ ಕೊಡದೆ ಮುಂದಕ್ಕೂ ಹೋಗಲಾಗುವುದಿಲ್ಲ.

2023ರ ಏಪ್ರಿಲ್‌ನಿಂದ ಕೇಸ್ ಸ್ಟಡಿ ಬಂದಿದೆ. ಒಬ್ಬ ರೋಗಿ, ಆರು ಪ್ರಶ್ನೆ. ನರ್ಸ್ ನೋಟ್ಸ್, ವೈಟಲ್ಸ್, ಲ್ಯಾಬ್ ರಿಪೋರ್ಟ್ ಪರದೆಯ ಮೇಲೆ ಬೇರೆ ಬೇರೆ ಇರುತ್ತವೆ. ನೀವು ಐಸಿಯು, ನಿಮಗೆ ಇದು ಸಲೀಸು. ಕೈ ಕೊಡುವುದು ಇನ್ನೊಂದು: ನಾಲ್ಕು ರೋಗಿಗಳಲ್ಲಿ ಯಾರನ್ನು ಮೊದಲು ನೋಡುತ್ತೀರಿ, ಯಾವ ಕೆಲಸ ಯಾರಿಗೆ ಒಪ್ಪಿಸುತ್ತೀರಿ ಅನ್ನುವ ಪ್ರಶ್ನೆಗಳು. ಅಲ್ಲಿ ಆರ್‌ಎನ್ (ನಾವು ಆಗಬೇಕಾದ ನೋಂದಾಯಿತ ನರ್ಸ್) ಕೆಳಗೆ ಎಲ್‌ಪಿಎನ್ ಅಂತ ಒಂದು ದರ್ಜೆ ಇದೆ, ಅವರ ಕೆಳಗೆ ಸಹಾಯಕರು. ಯಾರು ಏನು ಮಾಡಬಹುದು ಅನ್ನುವುದನ್ನು ಹೊಸದಾಗಿ ಕಲಿಯಬೇಕು. ನಮ್ಮಲ್ಲಿ ಎಲ್ಲವನ್ನೂ ಡಾಕ್ಟರನ್ನು ಕೇಳಿ ಮಾಡಿ ಅಭ್ಯಾಸ. ಅಲ್ಲಿ "ಡಾಕ್ಟರಿಗೆ ತಿಳಿಸುತ್ತೇನೆ" ಅನ್ನುವುದು ಎಷ್ಟೋ ಸಲ ತಪ್ಪು ಉತ್ತರ, ಮೊದಲು ನೀವೇ ಆಕ್ಸಿಜನ್ ಹಾಕಬೇಕು, ಹಾಸಿಗೆಯ ತಲೆಯ ಭಾಗ ಎತ್ತಬೇಕು. ಔಷಧಿಗಳಲ್ಲಿ ಪ್ಯಾರಸಿಟಮಾಲ್ ಅಸೆಟಾಮಿನೋಫೆನ್ ಆಗಿ ಬರುತ್ತದೆ, ಸಾಲ್ಬುಟಮಾಲ್ ಅಲ್ಬುಟೆರಾಲ್ ಆಗಿ, ಅಡ್ರಿನಲಿನ್ ಎಪಿನೆಫ್ರಿನ್ ಆಗಿ. ಬ್ರ್ಯಾಂಡ್ ಹೆಸರು ಮರೆತುಬಿಡಿ.

ಸೆಂಟರ್‌ಗೆ ಅರ್ಧ ಗಂಟೆ ಮೊದಲೇ ಹೋಗಿ. ಫೋಟೋ, ಸಹಿ, ಆಮೇಲೆ ಅಂಗೈಯ ರಕ್ತನಾಳ ಸ್ಕ್ಯಾನ್ ಮಾಡುತ್ತಾರೆ. ಕನ್ನಡಕ ತೆಗೆಸಿ ನೋಡುತ್ತಾರೆ, ಜೇಬು ಹೊರಗೆ ಎಳೆದು ತೋರಿಸಲು ಹೇಳುತ್ತಾರೆ. ಮೆಹಂದಿ ಇದ್ದರೆ ಸುಮ್ನೆ ಚಿಂತೆ ಯಾಕೆ, ಅದರ ಹಿಂದಿನ ವಾರ ಯಾರ ಮದುವೆಗೂ ಹಾಕಿಸಿಕೊಳ್ಳಬೇಡಿ.

ಆ ರಿಜಿಸ್ಟರ್ ಮಾಡಿ ನೋಡುವ ಉಪಾಯ ಬೇಡ. ಅದನ್ನು ನಂಬಿ ಸಿಹಿ ಹಂಚಿದವರೂ ಇದ್ದಾರೆ, ಅತ್ತವರೂ ಇದ್ದಾರೆ. ಕಾರ್ಡ್‌ನಿಂದ 200 ಡಾಲರ್ ಕಡಿತವಾದರೆ ವಾಪಸ್ ಬರುವುದಿಲ್ಲ. ಫಲಿತಾಂಶ ರಾಜ್ಯದಿಂದಲೇ ಬರಬೇಕು. ನ್ಯೂಯಾರ್ಕ್‌ನ ಲೈಸೆನ್ಸ್ ಹುಡುಕುವ ಪುಟದಲ್ಲಿ ನಿಮ್ಮ ಪಾಸ್‌ಪೋರ್ಟ್ ಹೆಸರು ಹಾಕಿ ನೋಡುತ್ತಿರಿ. ಹೆಸರು, ನಂಬರ್ ಕಂಡರೆ ಆಯಿತು. ಪಾಸಾಗದಿದ್ದರೆ 45 ದಿನ ಬಿಟ್ಟು ಮತ್ತೆ ಬರೆಯಬಹುದು.

ಈಗ ಮಾಡಬೇಕಾದದ್ದು ಕಾಲೇಜಿಗೆ ಒಂದು ಫೋನ್. ಪರೀಕ್ಷೆಗಳು ಶುರುವಾದರೆ ಆಫೀಸಿನವರು ಸಿಗುವುದಿಲ್ಲ.