ಸೆಷನ್ಸ್ ಪ್ರಕರಣದಲ್ಲಿ ಪಿರ್ಯಾದಿದಾರರು ಸ್ವಂತ ವಕೀಲರನ್ನು ನೇಮಿಸಿಕೊಳ್ಳಬಹುದೇ?

ಪ್ರಶ್ನೆ (ಹಾವೇರಿ ಜಿಲ್ಲೆಯ ಓದುಗರು):
ಬದುವಿನ ತಕರಾರಿನಲ್ಲಿ ಕಳೆದ ವರ್ಷ ನಮ್ಮ ಚಿಕ್ಕಪ್ಪನವರ ಮೇಲೆ ಕುಡುಗೋಲಿನಿಂದ ಹಲ್ಲೆ ನಡೆದು, ಕೊಲೆಯತ್ನದ ಪ್ರಕರಣ ದಾಖಲಾಗಿ, ಈಗ ಅದು ಸೆಷನ್ಸ್ ನ್ಯಾಯಾಲಯದಲ್ಲಿ ಸಾಕ್ಷಿ ವಿಚಾರಣೆಯ ಹಂತಕ್ಕೆ ಬಂದಿದೆ. ಆರೋಪಿಗಳು ಹೆಸರಾಂತ ವಕೀಲರನ್ನು ಇಟ್ಟುಕೊಂಡಿದ್ದಾರೆ. ನಮಗೆ ಮಾತ್ರ, ಸರ್ಕಾರಿ ಅಭಿಯೋಜಕರೇ (ಪಬ್ಲಿಕ್ ಪ್ರಾಸಿಕ್ಯೂಟರ್) ವಾದಿಸುತ್ತಾರೆ, ಬೇರೆಯವರು ಬೇಕಿಲ್ಲ ಎಂದು ಹೇಳಲಾಯಿತು. ಅವರನ್ನು ಕಾಣಲು ಹೋದರೆ, ಸಮನ್ಸ್ ಬಂದ ದಿನ ಸಾಕ್ಷಿಗಳು ತಪ್ಪದೆ ಬರಲಿ ಎಂದಷ್ಟೇ ಹೇಳಿ ಕಳುಹಿಸಿದರು. ನಾವೇ ವಕೀಲರನ್ನು ಗೊತ್ತುಮಾಡಿದರೆ ಅವರು ಸಾಕ್ಷಿಗಳನ್ನು ಪ್ರಶ್ನಿಸಬಹುದೇ? ಆರೋಪಿಗಳು ಖುಲಾಸೆಯಾದರೆ ಮೇಲ್ಮನವಿ ಯಾರ ಕೈಯಲ್ಲಿದೆ?

ಉತ್ತರ 1 (ವಕೀಲರು, ಹುಬ್ಬಳ್ಳಿ):
ವಕೀಲರನ್ನು ನೇಮಿಸಿಕೊಳ್ಳಬಹುದು, ಆದರೆ ಅವರು ಪ್ರಕರಣವನ್ನು ತಾವೇ ನಡೆಸುವಂತಿಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 248ನೇ ಕಲಮಿನಂತೆ ಸೆಷನ್ಸ್ ವಿಚಾರಣೆಯನ್ನು ಸರ್ಕಾರಿ ಅಭಿಯೋಜಕರೇ ನಡೆಸಬೇಕು. 18(8)ನೇ ಕಲಮಿನ ಪರಂತುಕದ (ಕಲಮಿಗೆ ಜೋಡಿಸಿದ ವಿಶೇಷ ಉಪವಾಕ್ಯದ) ಪ್ರಕಾರ ಸಂತ್ರಸ್ತರು ನ್ಯಾಯಾಲಯದ ಅನುಮತಿ ಪಡೆದು ಅಭಿಯೋಜನೆಗೆ ನೆರವಾಗಲು ತಮ್ಮ ವಕೀಲರನ್ನು ನೇಮಿಸಿಕೊಳ್ಳಬಹುದು. 338ನೇ ಕಲಮಿನಂತೆ ಆ ವಕೀಲರು ಅಭಿಯೋಜಕರ ನಿರ್ದೇಶನದಲ್ಲಿ ಕೆಲಸ ಮಾಡಿ, ಸಾಕ್ಷ್ಯ ಮುಗಿದ ಮೇಲೆ ಅನುಮತಿಯೊಂದಿಗೆ ಲಿಖಿತ ವಾದ ಸಲ್ಲಿಸಬಹುದು. ಅವರು ಸಾಕ್ಷಿಗಳನ್ನು ತಾವೇ ಪ್ರಶ್ನಿಸುವಂತಿಲ್ಲ, ಮೌಖಿಕ ವಾದ ಮಂಡಿಸುವಂತಿಲ್ಲ ಎಂದು ರೇಖಾ ಮುರಾರ್ಕಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ.

ಮೇಲ್ಮನವಿಯ ವಿಷಯದಲ್ಲಿ ನೀವು ಸರ್ಕಾರವನ್ನು ಕಾಯಬೇಕಿಲ್ಲ. 413ನೇ ಕಲಮಿನ ಪರಂತುಕ ಸಂತ್ರಸ್ತರಿಗೇ ಆ ಹಕ್ಕು ಕೊಟ್ಟಿದೆ. ಹಳೆಯ ಸಂಹಿತೆಯಲ್ಲಿದ್ದ ಇದೇ ಹಕ್ಕಿನ ಬಗ್ಗೆ, ನಮ್ಮ ರಾಜ್ಯದಿಂದಲೇ ಹೋಗಿದ್ದ ಮಲ್ಲಿಕಾರ್ಜುನ ಕೊಡಗಲಿ ಪ್ರಕರಣದಲ್ಲಿ, ಸಂತ್ರಸ್ತರು ಮೊದಲು ಹೈಕೋರ್ಟಿನ ವಿಶೇಷ ಅನುಮತಿ ಪಡೆಯಬೇಕಿಲ್ಲ ಎಂದು 2018ರಲ್ಲಿ ತೀರ್ಪಾಗಿದೆ. ನಿಮ್ಮ ಜಿಲ್ಲೆಯವರು ಧಾರವಾಡ ಪೀಠಕ್ಕೆ ಹೋಗಬೇಕು.

ಉತ್ತರ 2 (ನಿವೃತ್ತ ಅಭಿಯೋಜಕರು):
ಮೇಲಿನ ಉತ್ತರ ಸರಿಯಾಗಿದೆ. ಆದರೆ ಪ್ರಶ್ನೆ ಕೇಳಿದವರ ಮನಸ್ಸಿನಲ್ಲಿರುವ ನಿರೀಕ್ಷೆಯನ್ನು ಮೊದಲು ಸರಿಪಡಿಸಬೇಕೆನಿಸುತ್ತದೆ. ಅಭಿಯೋಜಕರು ಪಿರ್ಯಾದಿಯ ವಕೀಲರಲ್ಲ, ಪೊಲೀಸರ ವಕೀಲರೂ ಅಲ್ಲ. ಹೇಗಾದರೂ ಮಾಡಿ ಶಿಕ್ಷೆ ಕೊಡಿಸುವುದು ಅವರ ಕೆಲಸವಲ್ಲವೆಂದು ಶಿವಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1999ರಲ್ಲೇ ಸ್ಪಷ್ಟಪಡಿಸಿದೆ. ಆರೋಪಿಗೆ ಅನುಕೂಲವಾಗುವ ಅಂಶವಿದ್ದರೂ ಅದನ್ನು ಮುಚ್ಚಿಡದೆ ನ್ಯಾಯಾಲಯದ ಮುಂದಿಡಬೇಕಾದವರು ಅವರು.

ಅವರು ನಿಮ್ಮೊಡನೆ ಹೆಚ್ಚು ಮಾತನಾಡದಿರುವುದಕ್ಕೆ ಉದಾಸೀನವೇ ಕಾರಣವೆಂದು ಭಾವಿಸಬೇಡಿ, ಕೆಲವೊಮ್ಮೆ ಅದೂ ಇರುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಒಂದೇ ದಿನ ಹಲವು ಪ್ರಕರಣಗಳ ಸಾಕ್ಷಿಗಳು ಬಂದು ನಿಂತಾಗ ಕಡತ ಓದುವುದಕ್ಕೇ ಬೆಳಗಿನ ಹೊತ್ತು ಸಾಲುವುದಿಲ್ಲ. ಮೇಲಾಗಿ, ಸಾಕ್ಷಿಗೆ ಹೇಳಿಕೊಟ್ಟರೆಂಬ ಆರೋಪ ಪಾಟೀಸವಾಲಿನಲ್ಲಿ ಬರುವುದು ಖಚಿತವಾದ್ದರಿಂದ ಅನುಭವಿಗಳು ಮಾತನ್ನು ಅಳೆದು ಆಡುತ್ತಾರೆ. ನೀವು ಮಾಡಬಹುದಾದ ಕೆಲಸ ಬೇರೆಯೇ ಇದೆ. ಗಾಯದ ಪ್ರಮಾಣಪತ್ರ ಮತ್ತು ಆಸ್ಪತ್ರೆಯ ದಾಖಲೆಗಳಲ್ಲಿ ಕಡತಕ್ಕೆ ಸೇರದೆ ಉಳಿದದ್ದು ಯಾವುದು, ಸಮನ್ಸ್ ಮುಟ್ಟದ ಸಾಕ್ಷಿ ಯಾರು, ಯಾವ ಪಂಚರ (ಪೊಲೀಸರ ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕಿದವರ) ಮೇಲೆ ಒತ್ತಡ ಬರುತ್ತಿದೆ ಎಂಬುದನ್ನು ಒಂದು ಪುಟದಲ್ಲಿ ಬರೆದು, ನಿಮ್ಮ ವಕೀಲರ ಮೂಲಕ ವಾಯಿದೆಗೆ ಮುಂಚೆಯೇ ಅಭಿಯೋಜಕರ ಕಚೇರಿಗೆ ತಲುಪಿಸಿ. ನನ್ನ ಸೇವಾವಧಿಯಲ್ಲಿ ಇಂಥ ಪುಟದಿಂದ ಆದ ಉಪಯೋಗ ದೀರ್ಘ ಚರ್ಚೆಗಳಿಂದ ಆಗಿಲ್ಲ. ಮಹಜರಿನ ಪಂಚರು ಮೊದಲಿನ ಹೇಳಿಕೆಗೆ ವಿರುದ್ಧವಾಗಿ ನುಡಿದು ಪ್ರತಿಕೂಲ ಸಾಕ್ಷಿಗಳಾದರೆ ಎದೆಗುಂದಬೇಡಿ. ನ್ಯಾಯಾಲಯದ ಅನುಮತಿ ಪಡೆದು ಅಭಿಯೋಜಕರೇ ಅವರನ್ನು ಪಾಟೀಸವಾಲು ಮಾಡುತ್ತಾರೆ; ಅವರ ಸಾಕ್ಷ್ಯವೆಲ್ಲವೂ ಬಿದ್ದುಹೋಗುವುದಿಲ್ಲ, ನಂಬಲರ್ಹವಾದ ಭಾಗ ಉಳಿಯುತ್ತದೆ. ಗಾಯಗೊಂಡವರ ಸ್ವಂತ ಸಾಕ್ಷ್ಯಕ್ಕಂತೂ ನ್ಯಾಯಾಲಯಗಳು ಹೆಚ್ಚಿನ ತೂಕ ಕೊಡುತ್ತವೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಮೇಲಿನಿಂದ ಹೇಳಿಸಿ ಪ್ರಕರಣವನ್ನೇ ವಾಪಸ್ ತೆಗೆಸುತ್ತೇವೆಂದು ಎದುರಿನವರು ಊರಲ್ಲಿ ಹೇಳಿಕೊಂಡು ತಿರುಗುತ್ತಿದ್ದಾರೆ. ಹಾಗೆ ಆಗಲು ಸಾಧ್ಯವೇ?

ಉತ್ತರ 2 (ನಿವೃತ್ತ ಅಭಿಯೋಜಕರು):
ಸರ್ಕಾರ ಬಯಸಿದ ಮಾತ್ರಕ್ಕೆ ಆಗುವುದಿಲ್ಲ. 360ನೇ ಕಲಮಿನಡಿ ಅಭಿಯೋಜಕರು ಸ್ವತಂತ್ರವಾಗಿ ವಿವೇಚಿಸಿ ಅರ್ಜಿ ಹಾಕಬೇಕು, ನ್ಯಾಯಾಲಯ ಸಮ್ಮತಿಸಬೇಕು. ಸಂತ್ರಸ್ತರ ಮಾತು ಕೇಳದೆ ಸಮ್ಮತಿಸುವಂತಿಲ್ಲವೆಂಬುದು ಹೊಸ ಸಂಹಿತೆಯಲ್ಲಿ ಸೇರಿದ ರಕ್ಷಣೆ. 2000ದಲ್ಲಿ ಡಾ. ರಾಜ್‌ಕುಮಾರ್ ಅವರು ವೀರಪ್ಪನ್ ಒತ್ತೆಯಲ್ಲಿದ್ದಾಗ, ಅವನ ಸಹಚರರೆನ್ನಲಾದವರ ಮೇಲಿನ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ಆರೋಪಗಳನ್ನು ಹಿಂತೆಗೆಯಲು ಮೈಸೂರಿನ ವಿಶೇಷ ನ್ಯಾಯಾಲಯ ಒಪ್ಪಿತ್ತು. ವೀರಪ್ಪನ್ ತಂಡಕ್ಕೆ ಬಲಿಯಾದ ಪೊಲೀಸ್ ಅಧಿಕಾರಿಯೊಬ್ಬರ ತಂದೆ ಸುಪ್ರೀಂ ಕೋರ್ಟಿಗೆ ಹೋದರು. ಇಡೀ ರಾಜ್ಯ ಉಸಿರು ಬಿಗಿಹಿಡಿದಿದ್ದ ಆ ನವೆಂಬರಿನಲ್ಲೇ ನ್ಯಾಯಾಲಯ ಆ ಆದೇಶವನ್ನು ರದ್ದುಪಡಿಸಿತು. ನಿಮ್ಮ ಪ್ರಕರಣದಲ್ಲಿ ಅಂಥ ಅರ್ಜಿ ಬಂದರೆ ಲಿಖಿತ ಆಕ್ಷೇಪಣೆ ಸಲ್ಲಿಸಿ. ಬೆದರಿಕೆ ಸಾಕ್ಷಿಗಳವರೆಗೆ ಬಂದಿದ್ದರೆ ಅರ್ಜಿಗಾಗಿ ಕಾಯದೆ ಈಗಲೇ ಅಭಿಯೋಜಕರ ಮೂಲಕ ನ್ಯಾಯಾಲಯದ ಗಮನಕ್ಕೆ ತನ್ನಿ.