ಜ್ವರ ಇಳಿಯುತ್ತದೆ, ಕೆರೆ ಬತ್ತುತ್ತದೆ, ಇಂಗ್ಲಿಷಿನಲ್ಲಿ?

ಕೇಳಿದವರು:
ಪರೀಕ್ಷೆಗೆಂದು ಇಂಗ್ಲಿಷ್ ಕ್ರಿಯಾಪದಗಳ ಪಟ್ಟಿ ಹಿಡಿದು ಕುಳಿತಿದ್ದೇನೆ. ಡಿಕ್ರೀಸ್, ಡಿಮಿನಿಶ್, ಡ್ವಿಂಡಲ್, ಅಬೇಟ್, ಸಬ್‌ಸೈಡ್, ವೇನ್, ಎಬ್. ನನ್ನ ಕೈಲಿರುವ ನಿಘಂಟು ಎಲ್ಲದಕ್ಕೂ ‘ಕಡಿಮೆಯಾಗು’ ಎನ್ನುತ್ತದೆ. ಜ್ವರ ‘ಡ್ವಿಂಡಲ್’ ಆಯಿತು ಎಂದು ಬರೆದೆ. ಮೇಷ್ಟ್ರು ಕೆಂಪು ಗೆರೆ ಎಳೆದು ನಕ್ಕರು. ನೀವೆಲ್ಲ ಹೇಗೆ ಕಲಿತಿರಿ?

ಅನುವಾದಕಿ, ಮೈಸೂರು:
ಕನ್ನಡದಲ್ಲಿ ನಾವು ಎಲ್ಲದಕ್ಕೂ ‘ಕಡಿಮೆಯಾಗು’ ಎನ್ನುತ್ತೇವೆಯೇ? ಜ್ವರ ಇಳಿಯುತ್ತದೆ, ಕೆರೆ ಬತ್ತುತ್ತದೆ, ಬಣ್ಣ ಮಾಸುತ್ತದೆ, ಸಿಟ್ಟು ತಣಿಯುತ್ತದೆ, ಚಪ್ಪಲಿ ಸವೆಯುತ್ತದೆ. ಕೆರೆ ಮಾಸಿತು ಎಂದರೆ ಮಕ್ಕಳೂ ನಗುತ್ತಾರೆ. ನಿಮ್ಮ ಜ್ವರಕ್ಕೂ ಆಗಿದ್ದು ಅದೇ.

ನಾನು ಪದದ ಎದುರು ಅರ್ಥ ಬರೆಯುವುದನ್ನು ಬಿಟ್ಟು, ಯಾವ ವಸ್ತುವಿಗೆ ಸಲ್ಲುತ್ತದೆ ಎಂದು ಬರೆಯತೊಡಗಿದೆ. ಡ್ವಿಂಡಲ್: ಡಬ್ಬಿಯ ಅಕ್ಕಿ, ಹಳ್ಳಿ ಶಾಲೆಯ ಮಕ್ಕಳ ಸಂಖ್ಯೆ, ಚೂರುಚೂರೇ ಕರಗಿ ಮುಗಿಯುವತ್ತ ಸಾಗುವಂಥದ್ದು. ವೇನ್: ಕೃಷ್ಣಪಕ್ಷದ ಚಂದ್ರ, ಅದರ ಜಾಡಿನಲ್ಲೇ ಪ್ರಭಾವ, ಉತ್ಸಾಹ. ಅಬೇಟ್: ಬಿರುಗಾಳಿ, ನೋವು. ರಿಸೀಡ್: ನೆರೆಯ ನೀರು ಮತ್ತು ನಮ್ಮ ಯಜಮಾನರ ಹಣೆಯಂಚಿನ ಕೂದಲು, ಎರಡೂ ಹಿಂದೆ ಸರಿಯುತ್ತವೆ, ಮರಳಿ ಬರುವುದು ನೀರು ಮಾತ್ರ.

ನಮ್ಮವರು ಹೆಚ್ಚು ಎಡವುವುದು ‘ರಿಡ್ಯೂಸ್’ ಬಳಿ. ‘ಫೀವರ್ ರಿಡ್ಯೂಸ್ಡ್’ ಎಂದು ಬರೆಯುತ್ತೇವೆ. ಆ ಪದ ಸಾಮಾನ್ಯವಾಗಿ ನಮ್ಮ ‘ಇಳಿಸು’ ಇದ್ದಂತೆ, ಇಳಿಸುವವರು ಯಾರಾದರೂ ಬೇಕು: ಮಾತ್ರೆ ಜ್ವರವನ್ನು ರಿಡ್ಯೂಸ್ ಮಾಡಿತು. ಸಬ್‌ಸೈಡ್ ನಮ್ಮ ‘ಇಳಿ’ಯಂತೆ, ತಾನಾಗಿಯೇ ಆಗುವಂಥದ್ದು. ಡಿಕ್ರೀಸ್ ಎರಡೂ ಕಡೆ ಸಲ್ಲುತ್ತದೆ.

ಶುಶ್ರೂಷಕಿ:
ಸಬ್‌ಸೈಡ್ ಎಂದರೆ ಊತ, ಜ್ವರ. ಮೂಲ ಲ್ಯಾಟಿನ್ನಿನಲ್ಲಿ ಅದು ‘ಕೆಳಗೆ ಕೂರು’ ಎಂಬ ಮಾತು. 2023ರ ಜನವರಿಯಲ್ಲಿ ಉತ್ತರಾಖಂಡದ ಜೋಶಿಮಠದ ಮನೆಗಳು ಬಿರುಕು ಬಿಟ್ಟಾಗ ಇಂಗ್ಲಿಷ್ ಪತ್ರಿಕೆಗಳಲ್ಲಿ ಕಂಡದ್ದೂ ‘ಸಬ್‌ಸಿಡೆನ್ಸ್’ ಎಂದೇ. ನೆಲ ಕುಸಿದು ಕೂತಿತ್ತು. ನಮ್ಮ ವಾರ್ಡಿನಲ್ಲಿ ದಿನವೂ ಕೇಳುವ ಪದ ‘ಟೇಪರ್’. ಬಹಳ ದಿನ ಸ್ಟೀರಾಯ್ಡ್ ತೆಗೆದುಕೊಂಡವರು ಒಮ್ಮೆಲೇ ನಿಲ್ಲಿಸುವಂತಿಲ್ಲ, ಏಕೆಂದರೆ ದೇಹ ತನ್ನದೇ ಸ್ಟೀರಾಯ್ಡ್ ಹಾರ್ಮೋನಾದ ಕಾರ್ಟಿಸಾಲ್ ತಯಾರಿಸುವುದನ್ನು ತಗ್ಗಿಸಿಬಿಟ್ಟಿರುತ್ತದೆ. ಅದಕ್ಕೆ ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತಾರೆ. ಟೇಪರ್ ಎಂದರೆ ಮೊದಲು ಮೇಣದ ಬತ್ತಿ. ತುದಿಯತ್ತ ಸಣ್ಣಗಾಗುವ ಆ ಬತ್ತಿಯನ್ನು ನೆನೆದುಕೊಂಡರೆ ಪದ ಮರೆಯುವುದಿಲ್ಲ.

ವಕೀಲರು, ಧಾರವಾಡ:
ಅಬೇಟ್ ಬಗ್ಗೆ ಎಚ್ಚರ. ಮಳೆ ಅಬೇಟ್ ಆದರೆ ಜೋರು ತಗ್ಗಿತು. ದಾವೆ ಅಬೇಟ್ ಆದರೆ ಸತ್ತೇ ಹೋಯಿತು. ಪ್ರತಿವಾದಿ ತೀರಿಕೊಂಡ 90 ದಿನಗಳೊಳಗೆ ವಾರಸುದಾರರನ್ನು ಸೇರಿಸಲು ಅರ್ಜಿ ಹಾಕದಿದ್ದರೆ, ಸಾಮಾನ್ಯವಾಗಿ ಅವರ ಮಟ್ಟಿಗೆ ದಾವೆ ಅಬೇಟ್ ಆಗುತ್ತದೆ. ಹೊಸದರಲ್ಲಿ ನಾನು ಇದನ್ನು ಕಕ್ಷಿದಾರರೊಬ್ಬರಿಗೆ ‘ಕೇಸು ಸ್ವಲ್ಪ ತಣ್ಣಗಾಗಿದೆ’ ಎಂದು ವಿವರಿಸಿದ್ದೆ. ಹಿರಿಯರಿಂದ ಬೈಸಿಕೊಂಡೆ.

ಕಾರವಾರದವರು:
ಎಬ್ ನಮ್ಮ ಕಡಲಿನ ಇಳಿತ. ಉಬ್ಬರ ಮತ್ತೆ ಬಂದೇ ಬರುತ್ತದೆ.

ನಿವೃತ್ತ ಗುಮಾಸ್ತರು:
ಮೂವತ್ತು ವರ್ಷ ‘ಡಿಕ್ರೀಸ್’ ಒಂದರಲ್ಲೇ ಕಡತ ವಿಲೇವಾರಿ ಮಾಡಿದ್ದೇನೆ. ಒಬ್ಬರೂ ಆಕ್ಷೇಪಿಸಲಿಲ್ಲ.

ಕೇಳಿದವರು:
ವಂದನೆಗಳು. ಪಟ್ಟಿಯನ್ನು ಹೊಸದಾಗಿ ಬರೆದು ಮೇಷ್ಟ್ರಿಗೆ ತೋರಿಸಿದೆ. ಜ್ವರ ‘ಸಬ್‌ಸೈಡ್’ ಆದದ್ದಕ್ಕೆ ಸರಿ ಗುರುತು ಬಿತ್ತು. ಒಗೆದ ಅಂಗಿ ‘ಶ್ರಿಂಕ್ಡ್’ ಎಂದು ಬರೆದಿದ್ದೆ; ಈ ಸಲ ಕೆಂಪು ಗೆರೆ ಅಲ್ಲಿಗೆ, ಪಕ್ಕದಲ್ಲಿ ‘ಶ್ರ್ಯಾಂಕ್’ ಎಂದು ಬರೆದು ಕೊಟ್ಟರು.